ಕೆಂಪು ಟೋಪಿಯವನನ್ನು ತೆಗೆದುಹಾಕಿದ್ದು

ಇಪ್ಪತ್ತಾರು ವರ್ಷದ ನನ್ನ ನೌಕರಿಯಲ್ಲಿ ಅರ್ಧಕ್ಕೂ ಹೆಚ್ಚು ಕಾಲ ನಾನು ಮಾಡಿದ ಕೆಲಸವೆಂದರೆ ಮನುಷ್ಯರನ್ನು ತೆಗೆದುಹಾಕುವುದು. ಗಾಬರಿಯಾಗಬೇಡಿ, ಟಿ.ವಿ. ಪರದೆಯಿಂದ ಮಾತ್ರ. ಹೋದ ಬೇಸಿಗೆಯಲ್ಲಿ ಇಲ್ಲಿ ಮಿಸ್ಸಿಸಾಗಾದ ಪೋರ್ಟ್ ಕ್ರೆಡಿಟ್‌ನ ಸರೋವರದ ದಂಡೆಯಲ್ಲಿ ನಮ್ಮ ಕನ್ನಡದವರ ಪಿಕ್ನಿಕ್ ನಡೆದಾಗ, ಇಲ್ಲಿಯ ಕಾಲೇಜಿನಲ್ಲಿ ಮೀಡಿಯಾ ಓದುತ್ತಿರುವ ಇಬ್ಬರು ಹುಡುಗಿಯರು ನನ್ನನ್ನು ಹಿಡಿದುಕೊಂಡು, ಎಡಿಟಿಂಗ್ ಕೆಲಸಕ್ಕೆ ಏನು ಕಲಿತಿರಬೇಕು ಆಂಟಿ ಎಂದು ಕೇಳಿದರು. ಕೈಯಲ್ಲಿ ಜೋಳದ ತೆನೆ ಇತ್ತು, ಬಾಯಿ ತುಂಬಿತ್ತು. ಕ್ಷಮೆ ಕೇಳುವುದನ್ನು ಕಲಿತಿರಿ ಎಂದಷ್ಟೇ ಹೇಳಿದೆ. ಅವರು ತಮಾಷೆ ಎಂದುಕೊಂಡು ನಕ್ಕರು. ಅದಕ್ಕೇ ಇದನ್ನು ಕುಳಿತು ಬರೆಯುತ್ತಿದ್ದೇನೆ.

ನಮ್ಮ ಚಾನೆಲ್ಲು ಹತ್ತು ಹನ್ನೆರಡು ಭಾಷೆಗಳದ್ದು. ಮಾಲ್ಟನ್ ವಿಮಾನ ನಿಲ್ದಾಣದ ಹತ್ತಿರ ಒಂದೇ ಅಂತಸ್ತಿನ ಕಟ್ಟಡ, ನೆತ್ತಿಯ ಮೇಲೆ ವಿಮಾನಗಳು. ಸುದ್ದಿ ಓದುವವರು ಸದ್ದು ಬಂದಾಗ ನಿಲ್ಲಿಸಿ, ಅದು ದಾಟಿದ ಮೇಲೆ ಅದೇ ವಾಕ್ಯವನ್ನು ಮತ್ತೆ ಹೇಳುತ್ತಿದ್ದರು. ಆ ಜೋಡಣೆ ಕಾಣದಂತೆ ಮಾಡುವುದು ನನ್ನ ಮೊದಲ ಪಾಠ. ನನ್ನನ್ನು ಸೇರಿಸಿಕೊಂಡದ್ದು ಹಿಂದಿ, ಪಂಜಾಬಿ ಕಾರ್ಯಕ್ರಮಗಳಿಗೆ. ಹುಬ್ಬಳ್ಳಿಯ ಹೆಣ್ಣುಮಗಳಿಗೆ ಪಂಜಾಬಿ ಎಲ್ಲಿಂದ ಬರಬೇಕು? ಮ್ಯಾನೇಜರ್ ಟೋನಿಗೆ ಆ ವ್ಯತ್ಯಾಸವೆಲ್ಲ ಗೊತ್ತಿರಲಿಲ್ಲ, ನಾನೂ ತಿಳಿಸಿಕೊಡಲಿಲ್ಲ. ಆರು ತಿಂಗಳಲ್ಲಿ ಕಲಿತುಬಿಟ್ಟೆ. ಒಮ್ಮೆ ಗುರುದ್ವಾರದ ಕೀರ್ತನೆಯ ನಡುವೆ ಟ್ರಕ್ ಟೈರಿನ ಜಾಹೀರಾತು ಹಾಕಿ ಬೈಸಿಕೊಂಡದ್ದು ಬಿಟ್ಟರೆ ಆ ಕಾಲ ಸುಖವಾಗಿಯೇ ಹೋಯಿತು.

ಆಗೆಲ್ಲ ಟೇಪು. ಒಂದು ಯಂತ್ರದಿಂದ ಇನ್ನೊಂದಕ್ಕೆ ಹಾಕಿ, ಗುಂಡಿ ತಿರುಗಿಸಿ, ನಡುವೆ ಎಲ್ಲಾದರೂ ತಪ್ಪಿದರೆ ಮೊದಲಿಂದ ಶುರು. ಆಮೇಲೆ ಕಂಪ್ಯೂಟರ್ ಬಂತು. ಮೊದಲ ವಾರ ನಾನು ಇಡೀ ದಿನದ ಕೆಲಸವನ್ನು ಒಂದೇ ಬೆರಳಲ್ಲಿ ಅಳಿಸಿ, ಕಸದ ಬುಟ್ಟಿಯ ಚಿತ್ರದ ಮುಂದೆ ಕೈಮುಗಿದು ಕೂತಿದ್ದೆ. ಈಗ ಮುಖವನ್ನು ಯಂತ್ರವೇ ಹುಡುಕಿ ಮಸುಕು ಮಾಡುತ್ತದಂತೆ. ನನ್ನ ತಪ್ಪು ನಿಮಗೆ ಆಗಲಾರದು. ಬೇರೆ ತಪ್ಪು ಆಗುತ್ತದೆ, ಧೈರ್ಯವಾಗಿರಿ.

ಕೊರಿಯನ್ ವಿಭಾಗದ ಎಡಿಟರ್ ಹೆರಿಗೆ ರಜೆಗೆ ಹೋದಾಗ, ಮೂರು ತಿಂಗಳು ನೋಡಿಕೋ ಎಂದು ಟೋನಿ ನನ್ನನ್ನು ಅಲ್ಲಿ ಕೂರಿಸಿದ. ಹದಿನಾಲ್ಕು ವರ್ಷ ಕೂತೆ. ಆ ವಿಭಾಗದ ಮುಖ್ಯಸ್ಥೆ ಯೂನ್ ಮೇಡಂ. ಗಿಡ್ಡ ಆಕೃತಿ, ಇಸ್ತ್ರಿ ಮಾಡಿದ ಕಾಲರು, ಮಾತು ಕಡಿಮೆ. ಮಧ್ಯಾಹ್ನ ಮೂರಕ್ಕೆ ಸಿಪ್ಪೆ ತೆಗೆದು ಹೆಚ್ಚಿದ ಸೇಬನ್ನು ತಟ್ಟೆಯಲ್ಲಿ ತಂದು ನನ್ನ ಮುಂದಿಟ್ಟರೆ ಕೆಲಸ ಚೆನ್ನಾಗಿದೆ ಎಂದು ಅರ್ಥ. ಇಡದಿದ್ದರೆ ನಾನೇ ತಪ್ಪು ಹುಡುಕಿಕೊಳ್ಳಬೇಕು. ನಾವಿಬ್ಬರೂ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ಅವರದು ಕೊರಿಯದ ಇಂಗ್ಲಿಷು, ನನ್ನದು ಹುಬ್ಬಳ್ಳಿಯದು. ಟೋನಿಗೆ ಎರಡೂ ತಿಳಿಯುತ್ತಿರಲಿಲ್ಲ. ಅದರಿಂದ ನಮಗೆ ಬಹಳ ಅನುಕೂಲವಾಯಿತು.

ಕೊರಿಯದ ರಾಜಧಾನಿ ಸೋಲ್‌ನಿಂದ ವಾರವಾರ ಕಾರ್ಯಕ್ರಮಗಳು ಬರುತ್ತಿದ್ದವು. ಅವುಗಳಲ್ಲಿ ಒಂದು, ಐದಾರು ಜನ ನಟರು, ಹಾಸ್ಯಗಾರರು ಹಳ್ಳಿಹಳ್ಳಿ ಸುತ್ತಿ, ಆಟವಾಡಿ, ಸೋತವರು ಅಡುಗೆ ಮಾಡುವ ಷೋ. ಇಲ್ಲಿಯ ಕೊರಿಯನ್ ಅಜ್ಜಿಯರಿಗೆ ಅದು ಪ್ರಾಣ. ಒಂದು ಸೋಮವಾರ ಯೂನ್ ಮೇಡಂ ಸೇಬಿನ ತಟ್ಟೆ ಇಲ್ಲದೆ ಒಳಗೆ ಬಂದು, ಆ ಷೋದ ಒಬ್ಬ ನಟ ಕುಡಿದು ಕಾರು ಓಡಿಸಿ ದೀಪದ ಕಂಬಕ್ಕೆ ಗುದ್ದಿದ್ದಾನೆ, ಯಾರಿಗೂ ಪೆಟ್ಟಾಗಿಲ್ಲ, ಆದರೆ ಅವನನ್ನು ತೆಗೆಯಬೇಕು ಎಂದರು. ಎಲ್ಲಿಂದ ಎಂದು ಕೇಳಿದೆ. ಎಲ್ಲದರಿಂದ ಎಂದರು.

ನನಗೆ ಇದು ಹೊಸದು. ನಮ್ಮ ಕಡೆ ಹೀರೋ ತಪ್ಪು ಮಾಡಿದ ಎಂದರೆ ಠಾಣೆಯ ಮುಂದೆ ಜೈಕಾರ ಹಾಕುವವರು ಸಿಗುತ್ತಾರೆ. ಹೊರಗೆ ಬಂದ ದಿನ ಹಾರವೂ ಸಿದ್ಧವಿರುತ್ತದೆ. ಕೊರಿಯದಲ್ಲಿ ಹಾಗಲ್ಲ. ಬೆಳಿಗ್ಗೆ ಸುದ್ದಿ ಬಂತೆಂದರೆ ಸಂಜೆಯೊಳಗೆ ಜಾಹೀರಾತಿನಿಂದ ಮುಖ ಹೋಗುತ್ತದೆ, ಚಿತ್ರೀಕರಣವಾದ ಕಂತುಗಳಿಂದ ಹೆಸರು ಹೋಗುತ್ತದೆ. ಅವನು ಕಪ್ಪು ಸೂಟು ಹಾಕಿ ಪತ್ರಕರ್ತರ ಮುಂದೆ ಸೊಂಟ ಬಗ್ಗಿಸಿ ನಿಲ್ಲಬೇಕು. ಬಿಳಿ ಹಾಳೆಯ ಮೇಲೆ ಸ್ವಂತ ಕೈಬರಹದಲ್ಲಿ ಕ್ಷಮಾಪತ್ರ ಬರೆಯಬೇಕು. ಅದರ ಫೋಟೋ ನೋಡಿ ಜನ ಅಕ್ಷರದ ಓರೆಯನ್ನೂ ಅಳೆಯುತ್ತಾರೆ. ಆಮೇಲೆ ‘ಜಾಸುಕ್’. ಅಂದರೆ ಮನೆಯಲ್ಲಿ ಕೂತು ತನ್ನನ್ನು ತಾನು ನೋಡಿಕೊಳ್ಳುವುದು. ನಮ್ಮ ಸೂತಕಕ್ಕಾದರೂ ಹತ್ತು, ಹದಿಮೂರು ದಿನ ಎಂದು ಲೆಕ್ಕವಿದೆ, ಇದಕ್ಕೆ ಇಲ್ಲ. ಜನ ಸಾಕು ಎಂದಾಗ ಸಾಕು. ಇಷ್ಟು ಸಿಟ್ಟೇಕೆ ಎಂದು ನಾನು ಕೇಳಿದ್ದಕ್ಕೆ ಯೂನ್ ಮೇಡಂ, ಅವರನ್ನು ನಾವು ಟಿ.ವಿ.ಯಲ್ಲಿ ನೋಡಿ ನೋಡಿ ಸಾಕಿದ್ದೇವೆ, ಮನೆಯ ಮಗ ಬೀದಿಯಲ್ಲಿ ಮಾನ ಕಳೆದರೆ ಸಿಟ್ಟು ಬರುವುದಿಲ್ಲವೇ ಎಂದರು.

ಸೋಲ್‌ನವರೇ ತಿದ್ದಿದ ಪ್ರತಿ ಕಳಿಸಲು ತಿಂಗಳಾಗುತ್ತಿತ್ತು. ನಮಗೆ ಶನಿವಾರಕ್ಕೆ ಬೇಕು. ಹಾಗಾಗಿ ನಾನೇ ಕೂತೆ. ಎಲ್ಲರೂ ಕಾಣುವ ದೊಡ್ಡ ದೃಶ್ಯ ಬಿಡುವುದು, ಪಕ್ಕದವನ ಮುಖ ಹಿಗ್ಗಿಸುವುದು, ಎಲ್ಲೂ ಆಗದಿದ್ದರೆ ಅವನ ಮೇಲೆ ಬಣ್ಣದ ಅಕ್ಷರದ ಪಟ್ಟಿ ಹಚ್ಚುವುದು. ಐವರೂ ಒಂದೇ ನೀಲಿ ಟ್ರ್ಯಾಕ್‌ಸೂಟು ಹಾಕಿದ್ದರು, ಟೋಪಿಯ ಬಣ್ಣ ಮಾತ್ರ ಬೇರೆ. ತಪ್ಪು ಮಾಡಿದವನದು ಕೆಂಪು ಟೋಪಿ. ಮೊದಲ ಕಂತಿನಲ್ಲಿ ಅವನನ್ನು ಎಷ್ಟು ನೀಟಾಗಿ ತೆಗೆದೆನೆಂದರೆ ಯೂನ್ ಮೇಡಂ ಎರಡು ಸೇಬು ಹೆಚ್ಚಿ ತಂದರು.

ಎರಡನೇ ಕಂತಿನ ವಾರ ಅವರು ಮಗನ ಪದವಿ ಸಮಾರಂಭಕ್ಕೆ ರಜೆ ಹಾಕಿದ್ದರು. ನನಗೆ ಧೈರ್ಯ ಬಂದುಬಿಟ್ಟಿತ್ತು. ಕೆಂಪು ಟೋಪಿ ಹುಡುಕಿದೆ, ತೆಗೆದೆ, ಮತ್ತೆ ಹುಡುಕಿದೆ, ತೆಗೆದೆ. ಶನಿವಾರ ಪ್ರಸಾರವಾಯಿತು. ಆ ಕಂತಿನಲ್ಲಿ ತಂಡಗಳು ಬದಲಾಗಿ ಟೋಪಿಗಳೂ ಬದಲಾಗಿದ್ದವು ಎಂಬುದು ನನಗೆ ಗೊತ್ತಾದದ್ದು ಭಾನುವಾರ ಯೂನ್ ಮೇಡಂ ಫೋನು ಮಾಡಿದಾಗ. ಈ ಸಲ ಕೆಂಪು ಟೋಪಿ ಹಾಕಿದ್ದವನು ಒಬ್ಬ ಪಾಪದ ಹಾಸ್ಯಗಾರ. ಅವನನ್ನು ನಾನು ಒಂದು ಗಂಟೆಯಿಡೀ ಅಳಿಸಿದ್ದೆ. ಕಂಬಕ್ಕೆ ಗುದ್ದಿದವನು ಹಳದಿ ಟೋಪಿ ಹಾಕಿ, ನಗುನಗುತ್ತಾ, ಮೂಲಂಗಿ ಕೀಳುತ್ತಾ ಕಂತಿನುದ್ದಕ್ಕೂ ಇದ್ದ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಮುಖ ನೋಡಿರಲಿಲ್ಲ, ಟೋಪಿ ನೋಡಿದ್ದೆ. ಇಂಡಿಯನ್ಸ್ ಎಲ್ಲ ಒಂದೇ ಥರ ಕಾಣುತ್ತೀರಿ ಎಂದು ಇಲ್ಲಿಯವರು ಅಂದಾಗ ಮೈ ಉರಿದು ಜಗಳವಾಡಿದ್ದವಳು ನಾನು. ಅದನ್ನೇ ನಾನು ಇನ್ನೊಬ್ಬರಿಗೆ ಮಾಡಿದ್ದೆ. ಬಹಳ ನಾಚಿಕೆಯಾಯಿತು.

ನಾಚಿಕೆಯಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಆ ಹಾಸ್ಯಗಾರನ ಸೋದರತ್ತೆ ಮಿಸ್ಸಿಸಾಗಾದಲ್ಲೇ ಇದ್ದರು. ಹಾನ್ ಅಜ್ಜಿ ಎಂದು ಎಲ್ಲರಿಗೂ ಗೊತ್ತು. ಇಲ್ಲಿಗೆ ಬರುವ ಮೊದಲು, ತಾಯಿ ಸತ್ತ ಆ ಹುಡುಗನನ್ನು ಹತ್ತು ವರ್ಷ ಸಾಕಿದವರು ಅವರು. ಬರುವ ಶನಿವಾರದ ಮುಂದಿನ ಶನಿವಾರ ಅವರಿಗೆ ಎಂಬತ್ತು ತುಂಬುತ್ತಿತ್ತು. ಕೊರಿಯದವರಿಗೆ ಎಂಬತ್ತನೆಯದು ಮದುವೆಗಿಂತ ದೊಡ್ಡದು. ರೆಸ್ಟೋರೆಂಟಿನ ಹಾಲ್ ಬುಕ್ ಆಗಿತ್ತು, ಅರವತ್ತು ಜನಕ್ಕೆ ಹೇಳಿದ್ದಾಗಿತ್ತು. ಭಾನುವಾರ ಕೊರಿಯನ್ನರ ಚರ್ಚಿನಲ್ಲಿ ಸುದ್ದಿ ಹಬ್ಬಿತು: ಕುಡಿದು ಓಡಿಸಿದವನು ನಿಜವಾಗಿ ಅಜ್ಜಿಯ ಹುಡುಗನಂತೆ, ಇನ್ನೊಬ್ಬ ಗೆಳೆತನಕ್ಕೆ ತಪ್ಪು ತಲೆಮೇಲೆ ಹೊತ್ತನಂತೆ, ಈಗ ನಿಜ ಗೊತ್ತಾಗಿ ಟಿ.ವಿ.ಯವರು ಅವನನ್ನು ಬಿಟ್ಟು ಇವನನ್ನು ತೆಗೆದಿದ್ದಾರಂತೆ. ಎಷ್ಟು ಅಚ್ಚುಕಟ್ಟಾದ ಕಥೆ ನೋಡಿ. ನನ್ನ ಎಡಿಟಿಂಗಿಗಿಂತ ಚೆನ್ನಾಗಿತ್ತು. ಸೋಮವಾರದಿಂದ ಅತಿಥಿಗಳಿಗೆ ಒಬ್ಬೊಬ್ಬರಾಗಿ ನೆಗಡಿ ಬರತೊಡಗಿತು. ಮೊದಲು ನೆಗಡಿ ಬಂದದ್ದು ಚರ್ಚಿನ ಗಾಯನ ತಂಡದ ಯಜಮಾನಿ ಚೋ ಎಂಬಾಕೆಗೆ. ಆಕೆ ಬರದಿದ್ದರೆ ಉಳಿದವರೂ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮನೆಯಲ್ಲಿ ಹೇಳಿಕೊಂಡೆ. ಮಗಳು ಫ್ರಿಜ್ಜಿನ ಬಾಗಿಲು ಹಿಡಿದುಕೊಂಡೇ, “ಅಮ್ಮ, ಯು ಕ್ಯಾನ್ಸಲ್ಡ್ ದ ರಾಂಗ್ ಗೈ” ಎಂದು ಬಿದ್ದುಬಿದ್ದು ನಕ್ಕಳು. ನನ್ನ ಯಜಮಾನರು ನಗಲಿಲ್ಲ. ಅವರು ಬ್ರ್ಯಾಂಪ್ಟನ್ನಿನ ಗೋದಾಮೊಂದರಲ್ಲಿ ಸೂಪರ್‌ವೈಸರ್ ಆಗಿದ್ದವರು, ತಪ್ಪು ವಿಳಾಸಕ್ಕೆ ಹೋದ ಸಾಮಾನಿನ ಕಷ್ಟ ಬಲ್ಲವರು.

“ನೋಡ, ಆ ಹುಡುಗಂದು ಏನೂ ತಪ್ಪಿಲ್ಲ. ಆ ಮುದುಕೀದಂತೂ ಇಲ್ಲವ ಇಲ್ಲ. ನೀ ಹೋಗಿ ಮುಂದ ನಿಂದ್ರು. ತಪ್ಪಾತ್ರಿ ಅನ್ನು. ಉದ್ದ ಹೇಳಬ್ಯಾಡ,” ಅಂದರು.

“ಎಲ್ಲಾರ ಮುಂದ ಹೆಂಗ ಹೇಳಲಿ? ನಾ ಪರದೆ ಹಿಂದ ಕೂಡೋಕಿ.”

“ಅವನ್ನ ಎಲ್ಲಾರ ಮುಂದ ತಗದೀ ಇಲ್ಲ? ಎಲ್ಲಾರ ಮುಂದನ ಹೇಳು.”

ಆಫೀಸಿನಲ್ಲಿ ಟೋನಿಗೆ ಇದು ದೊಡ್ಡದೆನಿಸಲಿಲ್ಲ. ತಾಂತ್ರಿಕ ದೋಷ ಎಂದು ಪರದೆಯ ಕೆಳಗೆ ಒಂದು ಸಾಲು ಓಡಿಸಿ ಎಂದ. ಯೂನ್ ಮೇಡಂ ತಲೆ ಅಲ್ಲಾಡಿಸಿದರು. ತಾಂತ್ರಿಕ ಎಂದರೆ ನೆಪ, ನೆಪ ಹೇಳಿದರೆ ಸುಳ್ಳು ಗಟ್ಟಿಯಾಗುತ್ತದೆ, ಅರವತ್ತು ಜನಕ್ಕೆ ಬಂದ ನೆಗಡಿ ಆರುನೂರು ಜನಕ್ಕೆ ಬರುತ್ತದೆ ಎಂದರು. ನನ್ನ ಕಡೆ ತಿರುಗಿ, ಕೈಬರಹದ ಪತ್ರ ಬರೆಯಿರಿ, ಬುಧವಾರದ ಸುದ್ದಿಯ ಕೊನೆಗೆ ನೀವೇ ಬಂದು ಓದಿರಿ ಎಂದರು. ಸೋಲ್‌ನ ಸಿನಿಮಾ ನಟರು ಮಾಡುವುದನ್ನು ನಾನು ಮಾಡಬೇಕಾಗಿ ಬಂತು.

ಪತ್ರ ಬರೆದೆ. ಕೆಲಸದ ಒತ್ತಡದಿಂದಾಗಿ, ಮೇಡಂ ರಜೆಯಲ್ಲಿದ್ದ ಕಾರಣ, ಟೋಪಿಗಳು ಬದಲಾದದ್ದು ಗಮನಕ್ಕೆ ಬಾರದೆ, ಉದ್ದೇಶಪೂರ್ವಕವಲ್ಲದೆ, ಹೀಗೆ ಒಂದು ಪುಟ. ಸ್ಕೂಲಿನಲ್ಲಿ ಬರೆಯುತ್ತಿದ್ದ ರಜಾ ಅರ್ಜಿಯ ಅಭ್ಯಾಸ ಕೈ ಬಿಟ್ಟಿರಲಿಲ್ಲ. ಯೂನ್ ಮೇಡಂ ಕೆಂಪು ಪೆನ್ನು ತೆಗೆದು ಒತ್ತಡ ಹೊಡೆದುಹಾಕಿದರು, ರಜೆ ಹೊಡೆದುಹಾಕಿದರು, ಟೋಪಿಯನ್ನೂ ಹೊಡೆದುಹಾಕಿದರು. ಉದ್ದೇಶಪೂರ್ವಕವಲ್ಲದೆ ಎಂಬುದನ್ನು ಎರಡು ಸಲ ಹೊಡೆದರು. ಆ ಮಾತು ಬರೆದ ನಟರಿಗೆ ಇನ್ನೂ ಆರು ತಿಂಗಳು ಜಾಸ್ತಿ ಜಾಸುಕ್ ಆಗುತ್ತದಂತೆ. ಕೊನೆಗೆ ಉಳಿದದ್ದು ನಾಲ್ಕು ಸಾಲು: ನಾನು ಮಾಡಿದ್ದೇನು, ಯಾರಿಗೆ ಮಾಡಿದೆ, ಆ ಹುಡುಗನ ಮೇಲೆ ಯಾವ ದೋಷವೂ ಇಲ್ಲ, ತಪ್ಪು ನನ್ನದು. ಹುಡುಗಿಯರೇ, ಎಡಿಟಿಂಗ್ ಎಂದರೆ ಏನು ಎಂದು ನಾನು ನಿಜವಾಗಿ ಕಲಿತದ್ದು ಅವತ್ತು.

ಅದನ್ನು ಅವರು ಕೊರಿಯನ್ನಿಗೆ ತಂದರು. ನಾನು ಎರಡು ದಿನ ಊಟದ ಬಿಡುವಿನಲ್ಲಿ ಕೂತು ಅವರ ಅಕ್ಷರ ನೋಡಿ ನಕಲು ಮಾಡಿದೆ. ವೃತ್ತ ವೃತ್ತವಾಗಲಿಲ್ಲ, ಗೆರೆ ನೆಟ್ಟಗೆ ನಿಲ್ಲಲಿಲ್ಲ. ಹನ್ನೊಂದು ಹಾಳೆ ಹಾಳಾಯಿತು. ಬುಧವಾರ ಕಪ್ಪು ಕೋಟು ಹಾಕಿಸಿದರು. ಬಳೆ ತೆಗೆಸಿದರು, ಲಿಪ್‌ಸ್ಟಿಕ್ ಒರೆಸಿಸಿದರು. ಆಮೇಲೆ ಮೂಗುತಿಯ ಕಡೆ ನೋಡಿ, ವಜ್ರವೇ ಎಂದರು. ಹೌದೆಂದೆ. ಕ್ಷಮೆ ಕೇಳುವಾಗ ದುಬಾರಿ ಒಡವೆ ಕಂಡರೆ ಜನ ಬಿಡುವುದಿಲ್ಲ, ಅಮ್ಮ ಕೊಟ್ಟದ್ದು ಎಂದಾದರೂ ಹೇಳಿ ಎಂದರು. ಅದು ನೆಪವಾಗುತ್ತದೆ ಮೇಡಂ ಎಂದೆ. ಅವರು ಮೊದಲ ಸಲ ನನ್ನ ಮುಂದೆ ಜೋರಾಗಿ ನಕ್ಕರು. ಮೂಗುತಿ ಉಳಿಯಿತು.

ಕೊರಿಯನ್ ಉಚ್ಚಾರಣೆಯನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡು ಕ್ಯಾಮೆರಾ ಮುಂದೆ ಪತ್ರ ಓದಿದೆ. ವಿಮಾನವೊಂದು ಹೋಯಿತು. ಮತ್ತೆ ಓದಿದೆ. ಸೊಂಟ ಬಗ್ಗಿಸಿ ಮೂರು ಎಣಿಸಬೇಕೆಂದು ಹೇಳಿಕೊಟ್ಟಿದ್ದರು. ನಾನು ಬಗ್ಗಿದ್ದನ್ನು ಕ್ಯಾಮೆರಾದವನು ನಿರೀಕ್ಷಿಸಿರಲಿಲ್ಲ. ಪರದೆಯ ಮೇಲೆ ಮೂರು ಸೆಕೆಂಡು ಬರೀ ಗೋಡೆ ಕಾಣಿಸಿತಂತೆ. ಪತ್ರವನ್ನು ದೊಡ್ಡದಾಗಿ ತೋರಿಸಿದಾಗ ಮಾತ್ರ ಫೋನುಗಳು ಬಂದವು. ಇದು ಒಂದನೇ ಕ್ಲಾಸಿನ ಮಗುವಿನ ಅಕ್ಷರ, ಪಾಪ, ಎಷ್ಟು ಕಷ್ಟಪಟ್ಟು ಬರೆದಿದ್ದಾಳೆ ಎಂದು ಅಜ್ಜಿಯರು ಹೇಳಿದರಂತೆ. ಅವರಲ್ಲಿ ಒಬ್ಬರು ನಾಲ್ಕನೇ ಸಾಲಿನಲ್ಲಿದ್ದ ಅಕ್ಷರದೋಷ ತಿದ್ದಿ ಹೇಳಿದರು. ಯೂನ್ ಮೇಡಂ ಅದನ್ನು ಶುಭಸೂಚನೆ ಎಂದರು. ಗುರುವಾರ ಸಂಜೆಯ ಹೊತ್ತಿಗೆ ಅತಿಥಿಗಳ ನೆಗಡಿ ವಾಸಿಯಾಗತೊಡಗಿತು. ಚೋ ಮಾತ್ರ, ನೋಡೋಣ ಎಂದಿದ್ದರು.

ಹಾನ್ ಅಜ್ಜಿ ನನ್ನನ್ನು ಮನೆಗೆ ಕರೆಸಿದರು. ಬೈಸಿಕೊಳ್ಳಲು ಸಿದ್ಧಳಾಗಿ ಯೂನ್ ಮೇಡಂ ಜೊತೆ ಹೋದೆ. ಅಜ್ಜಿಗೆ ಇಂಗ್ಲಿಷ್ ಬಾರದು, ಮೇಡಂ ನಡುವೆ ಕೂತು ಹೇಳುತ್ತಿದ್ದರು. ಅಜ್ಜಿ ಬೈಯಲಿಲ್ಲ. ನಾನು ಮಾಂಸ ತಿನ್ನುವುದಿಲ್ಲ ಎಂದು ತಿಳಿದು, ಐದು ಬಗೆಯ ಸೊಪ್ಪಿನ ಪಲ್ಯ ಮಾಡಿಟ್ಟಿದ್ದರು. ನಾನು ತಿನ್ನುವುದನ್ನು ಎದುರಿಗೆ ಕೂತು ನೋಡಿದರು. ಆಮೇಲೆ ಕೆಲಸ ಒಪ್ಪಿಸಿದರು. ಸೋಲ್‌ನಿಂದ ಅವರ ಹುಡುಗ ಹುಟ್ಟುಹಬ್ಬಕ್ಕೆ ಒಂದು ವಿಡಿಯೋ ಕಳಿಸಿದ್ದಾನೆ, ಹಳೆಯ ಫೋಟೋಗಳ ಜೊತೆ ಸೇರಿಸಿ ಹಾಲ್‌ನಲ್ಲಿ ತೋರಿಸಿಕೊಡು ಎಂದರು. ಬೇರೆ ಯಾರಿಗೂ ಅಲ್ಲ, ಅವನನ್ನು ಅಳಿಸಿದವಳಿಗೇ ಕೊಟ್ಟರು. ನನಗೆ ಕಣ್ಣು ತುಂಬಿತು.

ಆ ವಿಡಿಯೋ ನೋಡಿದೆ. ಹುಡುಗ ಅತ್ತೆಗೆ ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿ, ಶುಭಾಶಯ ಹೇಳುತ್ತಾನೆ. ಚೆನ್ನಾಗಿಯೇ ಇತ್ತು, ಆದರೆ ಚಿತ್ರ ಕಾಳುಕಾಳಾಗಿತ್ತು, ಹುಡುಗ ನಡುವೆ ಇರದೆ ಒಂದು ಬದಿಗೆ ಒತ್ತಿಕೊಂಡಿದ್ದ. ಯಾರೋ ದೃಶ್ಯವನ್ನು ಹಿಗ್ಗಿಸಿ ಪಕ್ಕದಲ್ಲಿದ್ದವರನ್ನು ಹೊರಗಿಟ್ಟಿದ್ದರು. ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು. ಅಜ್ಜಿಗೆ ಹೇಳಲೋ ಬೇಡವೋ ಎಂದು ಒಂದು ದಿನ ಸುಮ್ಮನಿದ್ದೆ. ಪತ್ರದಲ್ಲಿ ಏನನ್ನೂ ಮುಚ್ಚಿಡದೆ ಬರೆದು ಬಂದವಳಿಗೆ ಸುಮ್ಮನಿರಲು ಆಗಲಿಲ್ಲ, ಮೇಡಂ ಜೊತೆ ಮತ್ತೆ ಹೋಗಿ ಹೇಳಿದೆ. ಪಕ್ಕದಲ್ಲಿದ್ದವನು ಯಾರೆಂದು ಅಜ್ಜಿಗೆ ಆ ಕೂಡಲೇ ಹೊಳೆಯಿತು. ಅಲ್ಲೇ ಸೋಲ್‌ಗೆ ಫೋನು ಹಚ್ಚಿ, ಹುಡುಗನನ್ನು ಐದು ನಿಮಿಷ ಬೈದರು. ಅರ್ಧ ಗಂಟೆಯಲ್ಲಿ ಪೂರ್ತಿ ವಿಡಿಯೋ ಬಂತು.

ಪಕ್ಕದಲ್ಲಿದ್ದವನು ಕಂಬಕ್ಕೆ ಗುದ್ದಿದ ಆ ನಟ. ಕೆಲಸ ಹೋಗಿ, ಬಾಡಿಗೆ ಮನೆಯ ಮುಂದೆ ಕ್ಯಾಮೆರಾಗಳು ಬಂದು ನಿಂತಾಗ, ಅಜ್ಜಿಯ ಹುಡುಗ ಅವನನ್ನು ತನ್ನ ಮನೆಯಲ್ಲಿಟ್ಟುಕೊಂಡಿದ್ದ. ಇಬ್ಬರೂ ಹೊಸಬರಾಗಿದ್ದಾಗ ಒಂದೇ ಕೋಣೆಯಲ್ಲಿ ಇದ್ದವರು, ಅಜ್ಜಿ ಕೊರಿಯದಲ್ಲಿದ್ದಾಗ ಕಳಿಸುತ್ತಿದ್ದ ಊಟದ ಡಬ್ಬಿ ಹಂಚಿಕೊಂಡು ತಿಂದವರು. ವಿಡಿಯೋದಲ್ಲಿ ಇಬ್ಬರೂ ಒಟ್ಟಿಗೆ ನೆಲಕ್ಕೆ ಬಾಗುತ್ತಾರೆ. ಹುಡುಗ ಎದ್ದು ಮಾತಾಡುತ್ತಾನೆ. ಅವನು ಮಾತು ಮುಗಿಸುವವರೆಗೂ ಇನ್ನೊಬ್ಬ ನೆಲದಿಂದ ಏಳುವುದೇ ಇಲ್ಲ.

ಇದನ್ನೇ ತೋರಿಸು ಎಂದರು ಅಜ್ಜಿ. ಯೂನ್ ಮೇಡಂ ಬಿಳಿಚಿಕೊಂಡರು. ಅವನ ಮುಖ ನೋಡಿದರೆ ಜನ ಎದ್ದು ಹೋಗುತ್ತಾರೆ, ಬರಲು ಈಗಷ್ಟೇ ಒಪ್ಪಿದ್ದಾರೆ, ಎಂಬತ್ತನೆಯ ಹುಟ್ಟುಹಬ್ಬ ಮತ್ತೆ ಬರುವುದಿಲ್ಲ ಎಂದು ಬೇಡಿಕೊಂಡರು. ಅಜ್ಜಿ ಕೇಳಿಸಿಕೊಂಡು, ನಿಧಾನವಾಗಿ ಹೇಳಿದ್ದನ್ನು ಮೇಡಂ ನನಗೆ ತಿಳಿಸಿದರು:

“ತಪ್ಪು ಮಾಡಿದ್ದಾನೆ. ಟಿ.ವಿ. ಎಲ್ಲರದು, ಅಲ್ಲಿಂದ ಎರಡು ವರ್ಷ ತೆಗೆಯಿರಿ, ಐದು ವರ್ಷ ತೆಗೆಯಿರಿ, ನಾನು ಬೇಡ ಅನ್ನುವುದಿಲ್ಲ. ಇದು ನನ್ನ ಊಟದ ಮನೆ. ಇಲ್ಲಿ ನನಗೆ ನಮಸ್ಕಾರ ಮಾಡಿದವನನ್ನು ನಾನು ತೆಗೆಯುವುದಿಲ್ಲ.”

ಹುಟ್ಟುಹಬ್ಬದ ಶನಿವಾರ ಮಧ್ಯಾಹ್ನ ಹಾಲ್ ತುಂಬಿತು. ಅಜ್ಜಿ ಗುಲಾಬಿ ಬಣ್ಣದ ರೇಷ್ಮೆ ಉಡುಪಿನಲ್ಲಿ, ಎತ್ತರಕ್ಕೆ ಜೋಡಿಸಿದ ಹಣ್ಣು, ಕಡುಬುಗಳ ಹಿಂದೆ ಕೂತಿದ್ದರು. ನನ್ನ ಯಜಮಾನರೂ ಬಂದಿದ್ದರು, ಸೂಟು ಹಾಕಿ, ಕಿಮ್ಚಿ ಮುಂದೆ ಧೈರ್ಯ ಮಾಡುತ್ತಾ. ಚೋ ಕೊನೆಗೆ ಬಂದು ಬಾಗಿಲ ಹತ್ತಿರದ ಕುರ್ಚಿ ಹಿಡಿದರು, ಕೋಟು ಬಿಚ್ಚಲಿಲ್ಲ. ನಾನು ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟು ಅಜ್ಜಿಯನ್ನು ನೋಡಿದೆ. ಅವರು ತಲೆದೂಗಿದರು. ಫೋಟೋಗಳಿಗೆ ಎಲ್ಲರೂ ನಕ್ಕರು, ಚಪ್ಪಾಳೆ ಹೊಡೆದರು. ವಿಡಿಯೋ ಬಂತು. ಇಬ್ಬರೂ ಬಾಗಿದರು, ಒಬ್ಬ ಎದ್ದ. ಇನ್ನೊಬ್ಬ ಯಾರೆಂದು ತಿಳಿಯಲು ಜನಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಕೊನೆಗೆ ಅವನು ತಲೆಯೆತ್ತಿದಾಗ ಚಮಚದ ಸದ್ದುಗಳು ನಿಂತವು. ಯೂನ್ ಮೇಡಂ ನನ್ನ ಮೊಣಕೈ ಹಿಡಿದುಕೊಂಡರು.

ಚೋ ಎದ್ದರು. ಬಾಗಿಲ ಕಡೆ ಹೋಗುತ್ತಾರೆ ಎಂದುಕೊಂಡೆ. ಪರದೆಯ ಕಡೆ ಬಂದರು. ಕನ್ನಡಕ ಏರಿಸಿ, ತೀರ ಹತ್ತಿರ ನಿಂತು ನೋಡಿದರು. ಅವರು ಅಂದದ್ದನ್ನು ಮೇಡಂ ನನ್ನ ಕಿವಿಯಲ್ಲಿ ಹೇಳಿದರು.

“ಬಡವಾಗಿದ್ದಾನೆ. ಇವನಿಗೆ ಯಾರು ಅಡುಗೆ ಮಾಡಿ ಹಾಕುತ್ತಿದ್ದಾರೆ?”

ನಮ್ಮ ಹುಡುಗನೇ ಎಂದರು ಅಜ್ಜಿ.

“ಅದಕ್ಕೇ,” ಎಂದರು ಚೋ.

ಇಡೀ ಹಾಲ್ ನಕ್ಕಿತು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಅವನಿಗೆ ಏನು ಮಾಡಿ ಹಾಕಬೇಕು, ಯಾರ ಅಕ್ಕ ಸೋಲ್‌ನಲ್ಲಿ ಆ ಬೀದಿಯ ಹತ್ತಿರವೇ ಇದ್ದಾಳೆ, ಅವಳ ಕೈಲಿ ಏನು ಕಳಿಸಬಹುದು ಎಂದು. ಅವನನ್ನು ಮತ್ತೆ ಟಿ.ವಿ.ಗೆ ತನ್ನಿ ಎಂದು ಯಾರೂ ಅನ್ನಲಿಲ್ಲ. ಕಾರಿನ ಸುದ್ದಿ ತೆಗೆದು ಚೋ ಸರಿಯಾಗಿಯೇ ಬೈದರು, ಅದಕ್ಕೂ ಎಲ್ಲರೂ ಹೌದೆಂದರು. ಬೈಯುತ್ತಲೇ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ತಟ್ಟೆ ಎಳೆದುಕೊಂಡರು. ನಾನು ಸಂತೋಷದಿಂದ ಅತ್ತೆ, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಊಟದ ನಡುವೆ ಚೋ ನನ್ನ ಮೇಜಿನ ಹತ್ತಿರ ಬಂದು, ಯೂನ್ ಮೇಡಂ ಬಾಯಿಂದ ಕೇಳಿಸಿದರು, ಅಜ್ಜಿಯ ಹುಡುಗನ ಮುಖ ಸರಿಯಾಗಿ ನೋಡಲಾಗಲಿಲ್ಲ, ಆ ವಿಡಿಯೋ ಇನ್ನೊಂದು ಸಲ ಹಾಕುತ್ತೀರಾ ಎಂದು. ಹಾಕಿದೆ. ಅವರು ಎರಡನೆಯ ಸಲವೂ ಅಜ್ಜಿಯ ಹುಡುಗನ ಕಡೆ ನೋಡಲೇ ಇಲ್ಲ.